ಕೆರೆಯ ಹೂಳಿಗೆ ಕಡಲ ಬೆಲೆ: ಗದಗ ಜಿಲ್ಲೆಯ ಒಂದು ಪ್ರಕರಣ ಅಧ್ಯಯನ

ರಸಾಯನಶಾಸ್ತ್ರದ ಮೇಷ್ಟ್ರು ನಿವೃತ್ತನಾದ ಮೇಲೆ ಅವನ ಮನೆಗೆ ಜನ ಎರಡೇ ಕಾರಣಕ್ಕೆ ಬರುತ್ತಾರೆ: ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಕೇಳಲು, ಇಲ್ಲವೇ ಮದುವೆಗೆ ಕರೆಯಲು. ಕಳೆದ ಡಿಸೆಂಬರಿನಲ್ಲಿ ಗದಗ-ಬೆಟಗೇರಿಯ ನನ್ನ ಮನೆಗೆ ಬಂದ ಮೂವರ ಕೈಯಲ್ಲಿ ನೀರಿನ ಬಾಟಲಿಯೂ ಇರಲಿಲ್ಲ, ಲಗ್ನಪತ್ರಿಕೆಯೂ ಇರಲಿಲ್ಲ. ದಪ್ಪ ಹಾಳೆಯ ಒಂದು ಬಣ್ಣದ ಪುಸ್ತಿಕೆ ಇತ್ತು. ಮುಖಪುಟದಲ್ಲಿ ನೀಲಿ ಸಮುದ್ರ, ಅದರ ತಳದಲ್ಲಿ ಹಸಿರು ಹುಲ್ಲು, ಹುಲ್ಲಿನ ಮೇಲೆ ತೇಲುವ ಆಮೆ. ಪುಟ ತಿರುವಿದರೆ ಅವರ ಊರ ಕೆರೆಯ ನಕ್ಷೆ.

ಊರು ಜಿಲ್ಲೆಯ ದಕ್ಷಿಣ ಭಾಗದ ಎರೆಸೀಮೆಯಲ್ಲಿದೆ, ಹೆಸರು ಬೇಡ. ಕೆರೆ ಸುಮಾರು 40 ಎಕರೆ. ಬಂದವರು ಕೆರೆ ಬಳಕೆದಾರರ ಸಂಘದ ಅಧ್ಯಕ್ಷರು, ಕಾರ್ಯದರ್ಶಿ ಮತ್ತು ಲೆಕ್ಕ ನೋಡಿಕೊಳ್ಳುವ ಒಬ್ಬ ಯುವಕ. ಹೊರಗಿನ ಒಂದು ಸಲಹಾ ಸಂಸ್ಥೆ ಅವರ ಮುಂದೆ ಪ್ರಸ್ತಾವನೆ ಇಟ್ಟಿತ್ತು. ಕೆರೆಯಂಗಳದ ಜೊಂಡು ಮತ್ತು ಕೆಸರು ಗಾಳಿಯಲ್ಲಿನ ಇಂಗಾಲವನ್ನು ಹೀರಿ ಹೂತಿಡುತ್ತವೆ; ಹೀಗೆ ಹೂತಿಟ್ಟ ಇಂಗಾಲಕ್ಕೆ 'ನೀಲಿ ಇಂಗಾಲ' ಎಂದು ಹೆಸರು; ಅದರ ಕ್ರೆಡಿಟ್ (ಇಷ್ಟು ಟನ್ ಇಂಗಾಲ ಹಿಡಿದಿಟ್ಟಿದೆ ಎಂಬ, ಮಾರಬಹುದಾದ ಪ್ರಮಾಣಪತ್ರ) ಮಾರಿ ಬಂದ ಹಣದಲ್ಲಿ ಸಂಘಕ್ಕೆ ಪಾಲು. ಒಪ್ಪಂದ 30 ವರ್ಷದ್ದು. ಸಹಿಗೆ ಫೆಬ್ರುವರಿ ಕೊನೆಯವರೆಗೆ ಗಡುವು.

'ಇದರಲ್ಲಿ ಮೋಸ ಇದೆಯೇ?' ಎಂದು ಅಧ್ಯಕ್ಷರು ನೇರವಾಗಿ ಕೇಳಿದರು. ಮೋಸವೋ ಅಜ್ಞಾನವೋ ಎಂದು ಓದದೆ ಹೇಳಲಾರೆ ಎಂದೆ. ಮೂರು ತಿಂಗಳ ಕೆಲಸ ಹಾಗೆ ನನ್ನ ಕೊರಳಿಗೆ ಬಿತ್ತು.

ಪುಸ್ತಿಕೆ ಹೇಳಿದ್ದು

ಪುಸ್ತಿಕೆಯ ಮೊದಲ ಅಧ್ಯಾಯದಲ್ಲಿ ತಪ್ಪು ಹುಡುಕುವುದು ಕಷ್ಟ. 'ನೀಲಿ ಇಂಗಾಲ' ಎಂಬ ಮಾತು ಬಳಕೆಗೆ ಬಂದದ್ದು 2009ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿಯೊಂದರಿಂದ. ಅದರ ಕೆಳಗೆ ಮುಖ್ಯವಾಗಿ ಮೂರು ನೆಲೆಗಳು ಬರುತ್ತವೆ: ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಉಬ್ಬರವಿಳಿತದ ಉಪ್ಪು ಜೌಗು, ಕಡಲಹುಲ್ಲುಗಾವಲು. ಕಡಲಹುಲ್ಲು ಪಾಚಿಯಲ್ಲ. ಬೇರು, ಕಾಂಡ, ಹೂವು, ಬೀಜ ಎಲ್ಲವೂ ಇರುವ ನಿಜವಾದ ಸಸ್ಯ ಅದು, ನೀರಿನೊಳಗೇ ಹೂಬಿಡುತ್ತದೆ. ಎಲೆಗಳು ನೀರಿನ ವೇಗವನ್ನು ತಗ್ಗಿಸಿ ತೇಲಿಬಂದ ಕಣಗಳನ್ನು ತಳಕ್ಕಿಳಿಸುತ್ತವೆ, ಬೇರು ಆ ಕೆಸರನ್ನು ಹಿಡಿದಿಡುತ್ತದೆ. ಕೆಸರಿನೊಳಗೆ ಆಮ್ಲಜನಕ ಇಲ್ಲದ್ದರಿಂದ ಸತ್ತ ಬೇರು ಬೇಗ ಕೊಳೆಯುವುದಿಲ್ಲ. ಮೆಡಿಟರೇನಿಯನ್ ತೀರದ ಕೆಲವೆಡೆ ಇಂಥ ಬೇರಿನ ಹಾಸು ಹಲವು ಮೀಟರ್ ದಪ್ಪಕ್ಕೆ, ಸಾವಿರಾರು ವರ್ಷಗಳಿಂದ ಬೆಳೆದು ನಿಂತಿದೆ.

ಅಂಕಿಗಳೂ ಸರಿಯಾಗಿಯೇ ಇದ್ದವು. 2011ರಲ್ಲಿ ಪ್ರಕಟವಾದ ಜಾಗತಿಕ ಸರಾಸರಿಯ ಪ್ರಕಾರ ಒಂದು ಚದರ ಮೀಟರ್ ಕಡಲಹುಲ್ಲು ವರ್ಷಕ್ಕೆ 138 ಗ್ರಾಂ, ಉಪ್ಪು ಜೌಗು 218 ಗ್ರಾಂ, ಕಾಂಡ್ಲಾ 226 ಗ್ರಾಂ ಇಂಗಾಲವನ್ನು ಮಣ್ಣಿಗಿಳಿಸುತ್ತವೆ. ಉಷ್ಣವಲಯದ ನೆಲದ ಕಾಡಿನ ಮಣ್ಣಿನಲ್ಲಿ ದೀರ್ಘಕಾಲಕ್ಕೆ ಉಳಿಯುವುದು ಇದೇ ಲೆಕ್ಕದಲ್ಲಿ ಕೇವಲ 4 ಗ್ರಾಂ. ಕಾಂಡ್ಲಾ, ಉಪ್ಪು ಜೌಗುಗಳಲ್ಲಿ ಐವತ್ತು ಪಟ್ಟಿಗೂ ಮೀರಿದ ಈ ಅಂತರವನ್ನು ನೋಡಿದ ಯಾರಿಗಾದರೂ ಆಸೆ ಹುಟ್ಟುವುದು ಸಹಜ.

ಎರಡನೆಯ ಅಧ್ಯಾಯದಲ್ಲಿ ಮಾತ್ರ ನನ್ನ ಕನ್ನಡಕ ಮೂಗಿನ ತುದಿಗೆ ಜಾರಿತು. ಕಾಂಡ್ಲಾದ 226 ಗ್ರಾಮನ್ನು ಎತ್ತಿ ಸೀದಾ ಕೆರೆಗೆ ತಂದಿಟ್ಟಿದ್ದರು. ಹೆಕ್ಟೇರಿಗೆ 2.26 ಟನ್ ಇಂಗಾಲ. ಇಂಗಾಲದ ತೂಕವನ್ನು ಡೈಆಕ್ಸೈಡಿನ ತೂಕಕ್ಕೆ ತರಲು 44ರಿಂದ ಗುಣಿಸಿ 12ರಿಂದ ಭಾಗಿಸಿದರೆ 8.3 ಟನ್ ಇಂಗಾಲದ ಡೈಆಕ್ಸೈಡ್; 40 ಎಕರೆಗೆ ವರ್ಷಕ್ಕೆ ಸುಮಾರು 134 ಟನ್. ಗುಣಾಕಾರ ಸರಿ. ಯಾವುದನ್ನು ಗುಣಿಸಬೇಕು ಎಂಬುದೇ ತಪ್ಪು.

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಕಾಂಡ್ಲಾ ಮಣ್ಣಿನ ಮೇಲಿನ ಒಂದು ಮೀಟರಿನಲ್ಲಿ ಹೆಕ್ಟೇರಿಗೆ 386 ಟನ್ ಇಂಗಾಲ ಇರುತ್ತದೆ ಎಂಬ, ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿಯಾದ ಐಪಿಸಿಸಿಯ 2013ರ ಸಾಮಾನ್ಯ ಅಂದಾಜನ್ನೂ ತಂದು, ಕೆರೆಯಲ್ಲಿ 'ಈಗಾಗಲೇ ಠೇವಣಿ ಇರುವ ಸಂಪತ್ತು' ಎಂದು ಬೇರೆ ಪಟ್ಟಿಯಲ್ಲಿ ಕೂರಿಸಿದ್ದರು. ಇದು ಕಣಜದ ಜೋಳವನ್ನು ಪ್ರತಿ ವರ್ಷದ ಫಸಲೆಂದು ಎಣಿಸಿದಂತೆ. ನೆಲದೊಳಗೆ ಇದ್ದ ಇಂಗಾಲಕ್ಕೆ ಕ್ರೆಡಿಟ್ ಸಿಗುವುದು ಒಂದೇ ಸಂದರ್ಭದಲ್ಲಿ: ಯೋಜನೆ ಇಲ್ಲದಿದ್ದರೆ ಆ ನೆಲ ಖಂಡಿತವಾಗಿ ಹಾಳಾಗುತ್ತಿತ್ತು ಎಂದು ತೋರಿಸಿದಾಗ.

ಸವಳು ನೀರಿನ ವಾದ

ಜನವರಿಯ ಮೊದಲ ವಾರ ಊರಿಗೆ ಹೋದೆ. ದೇವಸ್ಥಾನದ ಕಟ್ಟೆಯ ಮೇಲೆ ಇಪ್ಪತ್ತೈದು ಜನ ಸೇರಿದ್ದರು. ಕೆರೆಯ ಮಧ್ಯದಲ್ಲಿ ಪಟ್ಟೆತಲೆ ಹೆಬ್ಬಾತುಗಳ ಗುಂಪು ಕುಳಿತಿತ್ತು. ಇದೇ ಜಿಲ್ಲೆಯ ಮಾಗಡಿ ಕೆರೆಗೆ ಅವು ದೊಡ್ಡ ಸಂಖ್ಯೆಯಲ್ಲಿ ಬರುತ್ತವೆ. 2024ರ ಆರಂಭದಲ್ಲಿ ಮಾಗಡಿಗೆ ರಾಮ್ಸಾರ್ ಮನ್ನಣೆ ಸಿಕ್ಕಾಗ, ಅದೇ ಪಟ್ಟಿಯಲ್ಲಿ ಉತ್ತರ ಕನ್ನಡದ ಅಘನಾಶಿನಿ ಅಳಿವೆಯೂ ಇತ್ತು. ಎರಡಕ್ಕೂ ಒಂದೇ ಮನ್ನಣೆ ಸಿಕ್ಕಿದೆ ಅಂದ ಮೇಲೆ ಎರಡರ ಕೆಸರೂ ಒಂದೇ ಎಂದು ಪುಸ್ತಿಕೆಯ ಲೇಖಕರು ಭಾವಿಸಿರಬೇಕು. ರಾಮ್ಸಾರ್ ಮನ್ನಣೆ ಜೌಗುಭೂಮಿಯ ಮಹತ್ವಕ್ಕೆ ಕೊಡುವುದು. ಮಳೆನೀರು ನಿಲ್ಲಿಸಲು ಮನುಷ್ಯರು ಕಟ್ಟಿದ ಕೆರೆಗೂ, ನದಿ ಕಡಲಿಗೆ ಸೇರುವ ಅಳಿವೆಗೂ ಅದು ಸಿಗಬಹುದು.

ನಾನು ಮೊದಲು ಉಪ್ಪಿನ ವಿಷಯ ತೆಗೆದೆ. ಕೆಸರಿನೊಳಗೆ ಆಮ್ಲಜನಕ ಮುಗಿದ ಮೇಲೆ ಸೂಕ್ಷ್ಮಜೀವಿಗಳು ಬದುಕಲು ಬೇರೆ ದಾರಿ ಹುಡುಕುತ್ತವೆ. ಕಡಲ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ. ಅಲ್ಲಿ ಸಲ್ಫೇಟ್ ಉಸಿರಾಡುವ ಜೀವಿಗಳು ಗೆಲ್ಲುತ್ತವೆ. ಅವು ಬಿಡುವ ಹೈಡ್ರೋಜನ್ ಸಲ್ಫೈಡ್‌ನಿಂದಲೇ ಅಳಿವೆಯ ಕೆಸರಿಗೆ ಕೊಳೆತ ಮೊಟ್ಟೆಯ ವಾಸನೆ. ಸಿಹಿನೀರಿನಲ್ಲಿ ಸಲ್ಫೇಟ್ ತೀರ ಕಡಿಮೆ. ಅಲ್ಲಿ ಮಿಥೇನ್ ತಯಾರಿಸುವ ಜೀವಿಗಳದೇ ರಾಜ್ಯ. ನೂರು ವರ್ಷದ ಲೆಕ್ಕದಲ್ಲಿ ಒಂದು ಟನ್ ಮಿಥೇನ್ ಸುಮಾರು 27 ಟನ್ ಇಂಗಾಲದ ಡೈಆಕ್ಸೈಡಿನಷ್ಟು ಶಾಖ ಹಿಡಿಯುತ್ತದೆ. ಹಾಗಾಗಿ ಒಂದು ಕೈಯಲ್ಲಿ ಹೂತಿಟ್ಟದ್ದನ್ನು ಕೆರೆ ಇನ್ನೊಂದು ಕೈಯಲ್ಲಿ ಗಾಳಿಗೆ ಬಿಡುತ್ತಿರುತ್ತದೆ.

ಆಗ ಹಿಂದೆ ಕುಳಿತಿದ್ದ ಒಬ್ಬ ಹಿರಿಯರು, 'ನಮ್ಮ ನೀರೂ ಸವಳೇ ಅಲ್ಲವೇ? ಚಹಾಕ್ಕೆ ಹಾಲು ಹಾಕಿದರೆ ಒಡೆಯುತ್ತದೆ' ಎಂದರು. ಸಭೆ ನಕ್ಕಿತು. ನನಗೆ ಮಾತ್ರ ಆ ದಿನ ಬಂದ ಪ್ರಶ್ನೆಗಳಲ್ಲಿ ಅದೇ ಅತ್ಯುತ್ತಮ ಎನಿಸಿತು. ಉತ್ತರ ಅಳತೆಯಲ್ಲಿದೆ. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ ಅರ್ಧ ಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ ಎರಡು ಗ್ರಾಂವರೆಗೆ ಆಗಬಹುದು ಎಂಬುದು ಭಾರತೀಯ ಮಾನಕ. ನಾವು ಸವಳೆಂದು ಮುಖ ಸಿಂಡರಿಸುವ ನೀರು ಸಾಮಾನ್ಯವಾಗಿ ಈ ಎರಡು ಗ್ರಾಮಿನ ಆಸುಪಾಸಿನದು. ಮಿಥೇನ್ ಗಣನೀಯವಾಗಿ ತಗ್ಗಬೇಕಾದರೆ ಲೀಟರಿಗೆ ಸುಮಾರು 18 ಗ್ರಾಂ ಉಪ್ಪು ಬೇಕು. ಪೂರ್ತಿ ಕಡಲ ನೀರಿನಲ್ಲಿ 35 ಗ್ರಾಂ ಇರುತ್ತದೆ. 18 ಗ್ರಾಂ ಇದ್ದ ಕೆರೆಯ ದಡಕ್ಕೆ ಎಮ್ಮೆ ಬಂದರೂ ಮೂಸಿ ಹಿಂದಿರುಗುತ್ತದೆ.

ಐಪಿಸಿಸಿಯ 2019ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಮನುಷ್ಯ ಕಟ್ಟಿದ ಸಿಹಿನೀರಿನ ಹೊಂಡಗಳಿಗೆ ಹೆಕ್ಟೇರಿಗೆ ವರ್ಷಕ್ಕೆ 183 ಕೆ.ಜಿ. ಮಿಥೇನ್ ಎಂಬ ಸಾಮಾನ್ಯ ಅಂದಾಜಿದೆ, ಉಪ್ಪುನೀರಿನ ಹೊಂಡಗಳಿಗೆ 30 ಕೆ.ಜಿ. ಮೊದಲನೆಯದನ್ನು 27ರಿಂದ ಗುಣಿಸಿದರೆ 4.9 ಟನ್. ಅಂದರೆ ಪುಸ್ತಿಕೆ ಹೇಳಿದ 8.3 ಟನ್ನನ್ನು ಕಣ್ಣುಮುಚ್ಚಿ ಒಪ್ಪಿದರೂ ಅರ್ಧಕ್ಕಿಂತ ಹೆಚ್ಚು ಗುಳ್ಳೆಯಾಗಿ ಹಾರಿಹೋಗುತ್ತದೆ. ಈ ಮಿಥೇನ್ ಯೋಜನೆ ಇಲ್ಲದಿದ್ದರೂ ಹೊರಬರುತ್ತಿತ್ತಲ್ಲ, ಅದನ್ನೇಕೆ ಕಳೆಯಬೇಕು ಎಂದು ಲೆಕ್ಕದ ಯುವಕ ಕೇಳಿದ. ಚುರುಕು ಹುಡುಗ. ಈಗಿನ ಮಿಥೇನನ್ನು ಯೋಜನೆಯ ತಲೆಗೆ ಕಟ್ಟಬಾರದು, ನಿಜ. ಆದರೆ ಜೊಂಡನ್ನು ದಟ್ಟವಾಗಿ ಬೆಳೆಸಿ ಬೇಸಿಗೆಯಲ್ಲೂ ನೀರು ಹಿಡಿದಿಡಬೇಕೆಂಬುದು ಒಪ್ಪಂದದ ಷರತ್ತು. ಜೊಂಡಿನ ದಂಟು ಒಳಗೆ ಟೊಳ್ಳು. ಬೇರಿಗೆ ಗಾಳಿ ಒಯ್ಯುವ ಅದೇ ಕೊಳವೆ ಕೆಸರಿನ ಮಿಥೇನನ್ನು ಚಿಮಣಿಯಂತೆ ಮೇಲಕ್ಕೂ ಸಾಗಿಸುತ್ತದೆ. ಯೋಜನೆ ಮಾಡಿದ್ದಕ್ಕಾಗಿಯೇ ಹೆಚ್ಚುವ ಪಾಲನ್ನು ಕಳೆಯಲೇಬೇಕು. ಪುಸ್ತಿಕೆಯಲ್ಲಿ ಮಿಥೇನ್ ಎಂಬ ಪದವೇ ಇರಲಿಲ್ಲ.

ಮಾತು ಸಾಕೆನಿಸಿ ಎಲ್ಲರೂ ಕೆರೆಗೆ ಇಳಿದೆವು. ಉದ್ದನೆಯ ಬಿದಿರು ಗಳವನ್ನು ಕೆಸರಿಗೆ ಚುಚ್ಚಿದಾಗ ಬುಳುಬುಳು ಗುಳ್ಳೆ ಎದ್ದವು. ನೀರು ತುಂಬಿದ ಬಾಟಲಿಯನ್ನು ತಲೆಕೆಳಗಾಗಿ ಹಿಡಿದು, ಬಾಯಿಗೆ ಆಲಿಕೆ ಇಟ್ಟು ಗುಳ್ಳೆಗಳನ್ನು ಹಿಡಿದೆ. ದಡಕ್ಕೆ ಬಂದು ಕಡ್ಡಿ ಗೀರಿದಾಗ ಮಸುಕು ನೀಲಿ ಜ್ವಾಲೆ ಪುಸ್ಸೆಂದು ಹತ್ತಿ ಆರಿತು. 1776ರಲ್ಲಿ ಇಟಲಿಯ ಮಾಜೋರೆ ಸರೋವರದಲ್ಲಿ ವೋಲ್ಟಾ ಮಾಡಿದ್ದು ಇದನ್ನೇ. ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಬರೆದದ್ದನ್ನು ಮೊದಲ ಬಾರಿಗೆ ಕೆರೆಯ ದಂಡೆಯಲ್ಲಿ ಮಾಡಿ ತೋರಿಸಿದೆ ಎಂಬ ಹಿಗ್ಗಿನಲ್ಲಿ ನನ್ನ ಒಂದು ಚಪ್ಪಲಿ ಕೆಸರಿನಲ್ಲೇ ಉಳಿಯಿತು.

ಹೂಳಿನ ಪರೀಕ್ಷೆ

ಕೆರೆಯ ಹೂಳಿನಲ್ಲಿ ಇಂಗಾಲವೇ ಇಲ್ಲ ಎಂದು ನಾನು ಹೇಳಿದರೆ ಅದೂ ಸುಳ್ಳಾಗುತ್ತಿತ್ತು. ಹೊಲಗಳ ನಡುವಿನ ಚಿಕ್ಕ ಜಲಾಶಯಗಳು ಬೆರಗಾಗುವಷ್ಟು ಇಂಗಾಲವನ್ನು ಹೂಳುತ್ತವೆ. ಅಮೆರಿಕದ ಅಯೋವಾದ ಕೃಷಿಪ್ರದೇಶದ ಕೊಳಗಳಲ್ಲಿ 2008ರ ಅಧ್ಯಯನವೊಂದು ಚದರ ಮೀಟರಿಗೆ ವರ್ಷಕ್ಕೆ 148 ಗ್ರಾಮಿನಿಂದ 17,000 ಗ್ರಾಂವರೆಗೆ ಕಂಡಿತ್ತು. ಕಾಂಡ್ಲಾದ 226 ಅದರ ಮುಂದೆ ಏನೂ ಅಲ್ಲ! ಈ ಅಂಕಿ ಸಲಹಾ ಸಂಸ್ಥೆಯ ಕಣ್ಣಿಗೆ ಬಿದ್ದಿಲ್ಲವಲ್ಲ ಎಂದು ನಾನು ಸ್ವಲ್ಪ ಸಮಾಧಾನಪಟ್ಟೆ.

ಆದರೆ ಆ ಇಂಗಾಲದ ಬಹುಪಾಲು ಬಂದದ್ದು ಎಲ್ಲಿಂದ? ಮೇಲಿನ ಹೊಲಗಳಿಂದ. ಮುಂಗಾರಿನ ಮೊದಲ ಜೋರು ಮಳೆಗೆ ಕೊಚ್ಚಿಬಂದ ಎರೆಮಣ್ಣಿನ ಜೊತೆ ಅದು ಕೆರೆಗಿಳಿದಿದೆ. ಗಾಳಿಯಿಂದ ಹೊಸದಾಗಿ ಹೀರಿದ್ದಲ್ಲ, ಒಂದು ಜಾಗದಿಂದ ಇನ್ನೊಂದಕ್ಕೆ ಸರಿದದ್ದು. ಕಡಲ ಜೌಗಿನ ಯೋಜನೆಗಳಲ್ಲೂ ನದಿ ತಂದ ಹೊರಗಿನ ಇಂಗಾಲವನ್ನು ಲೆಕ್ಕದಿಂದ ಕಳೆಯಬೇಕೆಂಬ ನಿಯಮವಿದೆ.

ಒಳಗಿನದು ಯಾವುದು, ಹೊರಗಿನದು ಯಾವುದು ಎಂದು ತಿಳಿಯಲು ಇಂಗಾಲದ ಐಸೊಟೋಪ್‌ಗಳ, ಅಂದರೆ ಹಗುರ ಮತ್ತು ಭಾರದ ಇಂಗಾಲದ ಪರಮಾಣುಗಳ, ಅನುಪಾತ ನೋಡುತ್ತಾರೆ; ಅದನ್ನು ಒಂದು ಮಾನಕಕ್ಕೆ ಹೋಲಿಸಿ ಸಾವಿರಕ್ಕೆ ಇಷ್ಟು ಎಂದು ಬರೆಯುತ್ತಾರೆ. ಕಾಂಡ್ಲಾ ಎಲೆಯ ಅಂಕಿ ಋಣ 28ರ ಹತ್ತಿರ, ಕಡಲಹುಲ್ಲಿನದು ಋಣ 10ರ ಸುತ್ತಮುತ್ತ. ನಮ್ಮ ಜೋಳದ್ದು? ಸುಮಾರು ಋಣ 12. ಬಿಸಿಲ ನಾಡಿನ ಜೋಳ, ಕಬ್ಬು, ಮೆಕ್ಕೆಜೋಳಗಳು ಇಂಗಾಲ ಹಿಡಿಯುವ ವಿಧಾನವೇ ಬೇರೆ, ಅದಕ್ಕೇ ಹೀಗೆ. ಬಿಳಿಜೋಳದ ಸೀಮೆಯ ಕೆರೆಯ ಹೂಳನ್ನು ಯಾರಾದರೂ ಊರ ಹೆಸರು ಹೇಳದೆ ಪ್ರಯೋಗಾಲಯಕ್ಕೆ ಕಳಿಸಿದರೆ, ಅಲ್ಲಿನವರು ಆ ಅಂಕಿಯೊಂದನ್ನೇ ನೋಡಿ ಕಡಲಹುಲ್ಲಿನ ಕುರುಹು ಇದೆ ಎಂದು ಬರೆದರೂ ಬರೆದಾರು. ಇದನ್ನು ಸಭೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಮುಂದಿನ ಪುಸ್ತಿಕೆಯ ಮುಖಪುಟಕ್ಕೆ ಜೋಳದ ತೆನೆ ಬರುತ್ತಿತ್ತು.

ಸಂಸ್ಥೆ ಒಂದು ಮಣ್ಣು ಪರೀಕ್ಷೆಯನ್ನೂ ಮಾಡಿಸಿತ್ತು. ಒಣಗಿಸಿದ ಹೂಳನ್ನು ಕುಲುಮೆಯಲ್ಲಿ 550 ಡಿಗ್ರಿಗೆ ಸುಟ್ಟು, ಕಡಿಮೆಯಾದ ತೂಕದ ಅರ್ಧದಷ್ಟು ಇಂಗಾಲ ಎಂದು ಬರೆದಿದ್ದರು. ನಾರಿನಂಥ ಬೇರು ತುಂಬಿದ ಕಡಲ ಜೌಗಿನಲ್ಲಿ ಈ ವಿಧಾನ ತಕ್ಕಮಟ್ಟಿಗೆ ನಡೆಯುತ್ತದೆ. ಎರೆಮಣ್ಣಿನಲ್ಲಿ ನಡೆಯುವುದಿಲ್ಲ. ಎರೆಯ ಜೇಡಿಕಣಗಳು ತಮ್ಮ ಪದರಗಳ ನಡುವೆ ನೀರು ಹಿಡಿದುಕೊಂಡಿರುತ್ತವೆ, ಅವುಗಳ ರಚನೆಯೊಳಗೂ ಕಟ್ಟಿಕೊಂಡ ನೀರಿರುತ್ತದೆ. ಕುಲುಮೆಯ ಕಾವಿಗೆ ಅದೂ ಹೊರಬೀಳುತ್ತದೆ. ಆವಿಯಾದ ಆ ನೀರೆಲ್ಲ ಇಂಗಾಲದ ಖಾತೆಗೆ ಜಮೆಯಾಗುತ್ತದೆ. ಅದೇ ಜಾಗದಿಂದ ನಾವು ತೆಗೆದ ಮಾದರಿಯನ್ನು ಸಾಧಾರಣ ಮಣ್ಣು ಪರೀಕ್ಷಾ ಕೇಂದ್ರದಲ್ಲಿ, ಸುಡುವ ಬದಲು ರಾಸಾಯನಿಕದಿಂದ ಇಂಗಾಲ ಅಳೆಯುವ ವಾಕ್ಲೀ-ಬ್ಲ್ಯಾಕ್ ವಿಧಾನದಲ್ಲಿ ನೋಡಿಸಿದೆ. 1934ರಿಂದ ಬಳಕೆಯಲ್ಲಿರುವ ಆ ವಿಧಾನದಲ್ಲಿ ಬಂದ ಅಂಕಿ ಪುಸ್ತಿಕೆಯ ಅಂಕಿಯ ಅರ್ಧವನ್ನೂ ಮುಟ್ಟಲಿಲ್ಲ. ವಾಕ್ಲೀ-ಬ್ಲ್ಯಾಕ್ ಸ್ವಲ್ಪ ಕಡಿಮೆಯೇ ತೋರಿಸುತ್ತದೆ ಎಂಬುದನ್ನು ಗಣನೆಗೆ ತೆಗೆದುಕೊಂಡರೂ ಅಂತರ ತುಂಬಲಿಲ್ಲ.

ಸಾವಯವ ಇಂಗಾಲದ ವಿಷಯವನ್ನು ಈ ಜನರಿಗೆ ವಿವರಿಸಬೇಕಾಗಿ ಬರಲಿಲ್ಲ ಎಂಬುದು ನನಗೆ ಖುಷಿ ಕೊಟ್ಟ ಸಂಗತಿ. ಮಣ್ಣು ಆರೋಗ್ಯ ಕಾರ್ಡಿನಲ್ಲಿ ಅದರದೇ ಒಂದು ಸಾಲಿದೆ: ಶೇ 0.5ಕ್ಕಿಂತ ಕಡಿಮೆ ಇದ್ದರೆ ಬಡ ಮಣ್ಣು, 0.75 ದಾಟಿದರೆ ಒಳ್ಳೆಯದು. 'ನನ್ನ ಹೊಲದ್ದು 0.42, ಕೆರೆಯದ್ದು ಅದರ ಎರಡು ಪಟ್ಟು ಇದೆ. ಹಾಗಾದರೆ ಅದು ಇರಬೇಕಾದದ್ದು ನನ್ನ ಹೊಲದಲ್ಲಿ' ಎಂದ ಒಬ್ಬ ರೈತ. ಒಪ್ಪಂದದ ನಿಜವಾದ ತೊಡಕಿಗೆ ಅವನು ನನಗಿಂತ ಮೊದಲೇ ಕೈಹಾಕಿದ್ದ.

ಹನ್ನೊಂದನೆಯ ಷರತ್ತು

ಒಪ್ಪಂದದ ಕರಡಿನಲ್ಲಿ ಹನ್ನೊಂದನೆಯ ಷರತ್ತು ಮೂರೇ ಸಾಲಿನದು: 30 ವರ್ಷ ಕೆರೆಯಂಗಳದ ಕೆಸರನ್ನು ಅಗೆಯಬಾರದು, ಸಾಗಿಸಬಾರದು, ಒಣಗಲು ಬಿಡಬಾರದು. ಕಡಲ ಜೌಗಿಗೆ ಇದು ನ್ಯಾಯವಾದ ಷರತ್ತು. ಹೂತ ಇಂಗಾಲ ಹೂತೇ ಇರಬೇಕು, ಇಲ್ಲದಿದ್ದರೆ ಕ್ರೆಡಿಟ್ಟಿಗೆ ಅರ್ಥವಿಲ್ಲ. ಜೌಗಿಗೆ ಕೆಸರು ತುಂಬಿದರೆ ತೊಂದರೆಯೂ ಇಲ್ಲ. ಕಡಲಮಟ್ಟ ಏರುತ್ತಾ ಹೋದಂತೆ ಪ್ರತಿ ಉಬ್ಬರದಲ್ಲೂ ಹೊಸ ಪದರ ಬಿದ್ದು ಜೌಗೂ ಅದರೊಂದಿಗೆ ಮೇಲೇರುತ್ತದೆ; ಜಾಗ ಮುಗಿಯುವುದೇ ಇಲ್ಲ. ಸಾವಿರ ವರ್ಷ ಇಂಗಾಲ ಸೇರುತ್ತಲೇ ಇರಲು ಅದೇ ಕಾರಣ.

ಕೆರೆಯ ಬಟ್ಟಲಿಗೆ ಅಂಚಿದೆ. ಕೋಡಿಯ ಮಟ್ಟ ಏರುವುದಿಲ್ಲ. ಹೂಳು ಏರಿದಷ್ಟೂ ನೀರು ಇಳಿಯುತ್ತದೆ. ಆದ್ದರಿಂದಲೇ ನಮ್ಮ ಕಡೆ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹೂಳೆತ್ತಿ ಹೊಲಕ್ಕೆ ಹೊಡೆಯುವುದು. ಮೊದಲು ಚಕ್ಕಡಿ, ಈಗ ಟ್ರ್ಯಾಕ್ಟರ್. ಒಂದೇ ಕೆಲಸದಲ್ಲಿ ಕೆರೆಗೆ ಆಳ, ಹೊಲಕ್ಕೆ ಗೊಬ್ಬರ. ಹೊಲದಿಂದ ಕೊಚ್ಚಿಹೋದದ್ದು ಹೊಲಕ್ಕೇ ಮರಳುವ ಈ ಚಕ್ರವನ್ನು 30 ವರ್ಷ ನಿಲ್ಲಿಸಿದರೆ ಕೊನೆಗೆ ಕ್ರೆಡಿಟ್ ಉಳಿಯಬಹುದು, ಕೆರೆ ಉಳಿಯುವುದಿಲ್ಲ. ಇನ್ನು ಒಣಗಲು ಬಿಡಬಾರದೆಂಬ ಮಾತು! ಏಪ್ರಿಲ್, ಮೇ ತಿಂಗಳಲ್ಲಿ ಗದಗ ಜಿಲ್ಲೆಯ ಕೆರೆಗೆ ಒಣಗಬೇಡ ಎಂದು ಹೇಳುವ ಅಧಿಕಾರ ಯಾರಿಗಿದೆಯೋ ನಾನು ಕಾಣೆ. ಒಣಗಿ ಬಿರಿದ ಕೆಸರಿನೊಳಗೆ ಗಾಳಿ ಹೊಕ್ಕರೆ, ಮಳೆಗಾಲವೆಲ್ಲ ಕೂಡಿಟ್ಟ ಇಂಗಾಲದ ಒಂದಂಶ ಎರಡೇ ತಿಂಗಳಲ್ಲಿ ಹೊರಟುಹೋಗುತ್ತದೆ.

ಸಹಿ ಮಾಡುವ ಹಕ್ಕಿನ ಪ್ರಶ್ನೆಯೂ ಇತ್ತು, ಅದನ್ನು ಬೇಗ ಮುಗಿಸಬಹುದು. ಕೆರೆ ಸಂಘದ ಸ್ವತ್ತಲ್ಲ. ಸಂಘಕ್ಕಿರುವುದು ನೋಡಿಕೊಳ್ಳುವ, ನೀರು ಬಳಸುವ ಹಕ್ಕು. ತನ್ನದಲ್ಲದ ನೆಲದ ಇಂಗಾಲವನ್ನು ಮೂರು ದಶಕಕ್ಕೆ ಬರೆದುಕೊಡಲು ಅದಕ್ಕೆ ಬರುವುದಿಲ್ಲ.

ಅಘನಾಶಿನಿಯ ಕೆಸರು

ಇಷ್ಟಾದರೂ ಲೆಕ್ಕದ ಯುವಕನಿಗೆ ಸಮಾಧಾನವಾಗಲಿಲ್ಲ. ಇಲ್ಲಿ ಆಗದಿದ್ದರೆ ಎಲ್ಲಿ ಆಗುತ್ತದೆ ಎಂದು ತೋರಿಸಿ ಎಂದ. ಫೆಬ್ರುವರಿಯ ಎರಡನೆಯ ವಾರ ಹುಬ್ಬಳ್ಳಿಯಿಂದ ಬೆಳಗಿನ ಬಸ್ ಹಿಡಿದು, ಯಲ್ಲಾಪುರದ ಘಟ್ಟ ಇಳಿದು, ನಾಲ್ವರು ಕುಮಟಾಕ್ಕೆ ಹೋದೆವು.

ಅಘನಾಶಿನಿಗೆ ದೊಡ್ಡ ಅಣೆಕಟ್ಟುಗಳಿಲ್ಲ. ಶಿರಸಿಯ ಕಡೆಯಿಂದ ಇಳಿದುಬರುವ ನದಿ ತದಡಿಯ ಹತ್ತಿರ ಕಡಲು ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುತ್ತದೆ. ರಾಮ್ಸಾರ್ ಪಟ್ಟಿಯಲ್ಲಿ ಅಳಿವೆಯ ವಿಸ್ತೀರ್ಣ 4,801 ಹೆಕ್ಟೇರ್. ಇಳಿತದ ಹೊತ್ತಿಗೆ ನಾವು ದಡದಲ್ಲಿದ್ದೆವು. ಸೊಂಟದವರೆಗಿನ ನೀರಿನಲ್ಲಿ ಹೆಂಗಸರು ಚಿಪ್ಪು ಆರಿಸುತ್ತಿದ್ದರು. ಕಾಂಡ್ಲಾ ಬುಡದ ಕೆಸರಿಗೆ ನಮ್ಮ ಅಧ್ಯಕ್ಷರು ಮೊಣಕೈವರೆಗೆ ಕೈಯಿಳಿಸಿ ಒಂದು ಹಿಡಿ ಕರಿ ಮಣ್ಣು ಎತ್ತಿದರು. ವಾಸನೆಗೆ ಮುಖ ತಿರುಗಿಸಿ, 'ಕೊಳೆತ ಮೊಟ್ಟೆ' ಎಂದರು. ಗಳ ಚುಚ್ಚಿ ನೋಡಿದೆವು. ನಮ್ಮ ಕೆರೆಯಲ್ಲಿ ಎದ್ದಂತೆ ಗುಳ್ಳೆ ಏಳಲಿಲ್ಲ. ದೇವಸ್ಥಾನದ ಕಟ್ಟೆಯ ಮೇಲೆ ಒಂದು ಗಂಟೆ ನಾನು ಹೇಳಿದ್ದನ್ನು ಆ ಒಂದು ಹಿಡಿ ಮಣ್ಣು ಅರೆನಿಮಿಷದಲ್ಲಿ ಹೇಳಿತು.

ಅಲ್ಲಿನ ಗಜನಿಗಳನ್ನು ನೋಡಿದ ಮೇಲೆ ನನ್ನದೇ ಒಂದು ತಪ್ಪು ತಿಳಿವಳಿಕೆ ಕಳಚಿತು. ಗಜನಿ ಎಂದರೆ ಉಬ್ಬರದ ನೀರು ಬಂದುಹೋಗುವ ತಗ್ಗು ನೆಲ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದಾಗ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪನ್ನೂ ಮುಳುಗಡೆಯನ್ನೂ ತಾಳಿಕೊಳ್ಳುವ ತಳಿ ಅದು, ಗೊಬ್ಬರ ಕೇಳುವುದಿಲ್ಲ. ಕೊಯ್ಲಾದ ಮೇಲೆ ಬಾಗಿಲು ತೆರೆದು ಉಬ್ಬರವನ್ನು ಒಳಬಿಟ್ಟರೆ ಮೀನು, ಸೀಗಡಿ. 1970ರ ದಶಕದಲ್ಲಿ ಉಪ್ಪುನೀರು ತಡೆಯುವ ಖಾರ್‌ಲ್ಯಾಂಡ್ ಒಡ್ಡುಗಳು ಬಂದವು, ಆಮೇಲೆ ಹಲವು ಕಡೆ ಸೀಗಡಿ ಕೃಷಿ ಬಂತು. ಒಡ್ಡು ಒಡೆದ ಕಡೆಗಳಲ್ಲಿ ಕಾಂಡ್ಲಾ ಮತ್ತೆ ತಲೆ ಎತ್ತಿದೆ. ಉಬ್ಬರದ ನೀರನ್ನು ಪೂರ್ತಿ ತಡೆದು ಇಂಥ ನೆಲವನ್ನು ಒಣಗಿಸಿದರೆ ವರ್ಷಕ್ಕೆ ಹೆಕ್ಟೇರಿಗೆ 7.9 ಟನ್ ಇಂಗಾಲ ಹೊರಹೋಗುತ್ತದೆ ಎಂಬುದು ಐಪಿಸಿಸಿಯ ಸಾಮಾನ್ಯ ಅಂದಾಜು. ಸೇರುವುದು 2.26, ಹೋಗುವುದು 7.9! ಹೊಸ ಕಾಂಡ್ಲಾ ನೆಡುವ ಮೂರು ಹೆಕ್ಟೇರಿಗಿಂತ, ಒಣಗದಂತೆ ಉಳಿಸಿದ ಒಂದು ಹೆಕ್ಟೇರಿನ ತೂಕ ಹೆಚ್ಚು. ನೀಲಿ ಇಂಗಾಲ ಎಂದರೆ ಗಿಡ ನೆಡುವುದು ಎಂದು ನಾನು ನಂಬಿಕೊಂಡಿದ್ದೆ. 2023ರಲ್ಲಿ ಆರಂಭವಾದ ಕೇಂದ್ರದ, ಕಾಂಡ್ಲಾ ಬೆಳೆಸುವ ಮಿಷ್ಟಿ ಯೋಜನೆಯ ಸುದ್ದಿಗಳಲ್ಲೂ ಸಸಿ ನೆಡುವ ಚಿತ್ರಗಳೇ ಕಣ್ಣಿಗೆ ಬೀಳುತ್ತವೆ. ಹಳೆಯ ಕೆಸರಿನ ತಂಟೆಗೆ ಹೋಗದಿರುವುದು ಚಿತ್ರಕ್ಕೆ ಸಿಗುವ ಕೆಲಸವಲ್ಲ.

ಮುಖಪುಟದ ಕಡಲಹುಲ್ಲು ಎಲ್ಲಿ ಎಂದು ಯುವಕ ನೀರಿನತ್ತ ಬಗ್ಗಿ ನೋಡುತ್ತಿದ್ದ. ಅದು ಇಲ್ಲಿ ಕಾಣಸಿಗುವ ದೃಶ್ಯವಲ್ಲ. ನಮ್ಮ ದೇಶದ ದೊಡ್ಡ ಕಡಲಹುಲ್ಲುಗಾವಲುಗಳಿರುವುದು ತಮಿಳುನಾಡಿನ ಪಾಕ್ ಕೊಲ್ಲಿ ಮತ್ತು ಮನ್ನಾರ್ ಕೊಲ್ಲಿಯಲ್ಲಿ. ಲಕ್ಷದ್ವೀಪ, ಅಂಡಮಾನ್, ಚಿಲಿಕಾ ಕಡೆಗಳಲ್ಲೂ ಇವೆ. ಪಾಕ್ ಕೊಲ್ಲಿಯಲ್ಲಿ ಅದನ್ನು ಮೇಯುವ ಕಡಲಹಸುವಿಗಾಗಿ 2022ರಲ್ಲಿ 448 ಚದರ ಕಿ.ಮೀ. ಸಂರಕ್ಷಿತ ಪ್ರದೇಶ ಘೋಷಣೆಯಾಗಿದೆ. ಲಕ್ಷದ್ವೀಪದ ಕೆಲವು ಲಗೂನುಗಳಲ್ಲಿ ಹಸಿರು ಆಮೆಗಳ ಸಂಖ್ಯೆ ಏರಿ, ಅವು ಬುಡಸಮೇತ ಮೇದು ಹುಲ್ಲುಗಾವಲನ್ನೇ ಬರಿದು ಮಾಡಿದ್ದೂ ಉಂಟು. ಮುಖಪುಟಕ್ಕೆ ಆಮೆಯನ್ನು ಆರಿಸಿದವರಿಗೆ ಇದು ಗೊತ್ತಿರಲಾರದು.

ಹುಲ್ಲುಗಾವಲು ಹೋದರೆ ಏನಾಗುತ್ತದೆ ಎಂಬುದಕ್ಕೆ ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿ ಸಾಕ್ಷಿ. 2010-11ರ ಬೇಸಿಗೆಯಲ್ಲಿ ಕಡಲು ಅತಿಯಾಗಿ ಬಿಸಿಯಾಗಿ ಅಲ್ಲಿ ಸುಮಾರು 1,000 ಚದರ ಕಿ.ಮೀ. ಹುಲ್ಲು ನಾಶವಾಯಿತು ಅಥವಾ ತೆಳುವಾಯಿತು. ಮುಂದಿನ ಮೂರು ವರ್ಷಗಳಲ್ಲಿ 20 ಲಕ್ಷದಿಂದ 90 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಹೊರಬಂದಿರಬಹುದೆಂದು ಅಂದಾಜು. ಮರಳಿ ಬೆಳೆಸಿದರೆ ಎಷ್ಟು ಸಿಗುತ್ತದೆ ಎಂಬುದಕ್ಕೆ ಅಮೆರಿಕದ ವರ್ಜೀನಿಯಾ ಇದೆ. 1930ರ ದಶಕದಲ್ಲಿ ರೋಗ ಮತ್ತು ಚಂಡಮಾರುತಕ್ಕೆ ಬಲಿಯಾಗಿದ್ದ ಹುಲ್ಲನ್ನು, ಇಪ್ಪತ್ತು ವರ್ಷಗಳಲ್ಲಿ 7 ಕೋಟಿಗೂ ಹೆಚ್ಚು ಬೀಜ ಬಿತ್ತಿ 3,600 ಹೆಕ್ಟೇರಿಗೆ ಹಬ್ಬಿಸಿದರು. ಪ್ರಪಂಚದಲ್ಲೇ ದೊಡ್ಡ ಯಶಸ್ಸು ಅದು. ಅಲ್ಲಿ ಮಿಥೇನ್, ನೈಟ್ರಸ್ ಆಕ್ಸೈಡ್ ಎಲ್ಲ ಕಳೆದು 2020ರಲ್ಲಿ ಲೆಕ್ಕ ಹಾಕಿದಾಗ ಹೆಕ್ಟೇರಿಗೆ ವರ್ಷಕ್ಕೆ ಸಿಕ್ಕ ನಿವ್ವಳ ಲಾಭ 0.42 ಟನ್ ಇಂಗಾಲದ ಡೈಆಕ್ಸೈಡಿನಷ್ಟು. ಗದಗಿನ ಕೆರೆಗೆ ಪುಸ್ತಿಕೆ ಬರೆದದ್ದು ಅದರ ಇಪ್ಪತ್ತು ಪಟ್ಟು.

ಮುಂದೇನಾಯಿತು

ಬಸ್ಸಿನಲ್ಲಿ ಹಿಂದಿರುಗುವಾಗ ಯುವಕ ತನ್ನ ನೋಟ್‌ಬುಕ್ಕಿನಲ್ಲಿ ಸಂಸ್ಥೆಗೆ ಕೇಳಬೇಕಾದ ಪ್ರಶ್ನೆಗಳನ್ನು ಬರೆದ: ಕೆರೆಯ ನೀರಿನ ಲವಣಾಂಶ ಎಷ್ಟು ಅಳೆದಿರಿ? ಮಿಥೇನನ್ನು ಯಾವ ತಿಂಗಳಲ್ಲಿ ಅಳೆದಿರಿ? ಹೊಲದಿಂದ ಬಂದ ಇಂಗಾಲವನ್ನು ಹೇಗೆ ಕಳೆದಿರಿ? ಬರಗಾಲದಲ್ಲಿ ಕೆರೆ ಒಣಗಿದರೆ ಮಾರಿದ ಕ್ರೆಡಿಟ್ಟಿಗೆ ಯಾರು ಹೊಣೆ? ಉಬ್ಬರವಿಳಿತದ ಜೌಗಿಗಾಗಿ ಬರೆದ ಲೆಕ್ಕವಿಧಾನ ಉಬ್ಬರವೇ ಇಲ್ಲದ ನೀರಿಗೆ ಹೇಗೆ ಅನ್ವಯಿಸುತ್ತದೆ? ಕೊನೆಯದು ಅವನದೇ ಪ್ರಶ್ನೆ, ನನಗೆ ಹೊಳೆದಿರಲಿಲ್ಲ. ಪತ್ರ ಸಂಘದ ಮುದ್ರೆಯೊಂದಿಗೆ ಹೋಯಿತು. ಉತ್ತರವಾಗಿ ಅದೇ ಪುಸ್ತಿಕೆಯ ಹೊಸ ಮುದ್ರಣ ಬಂತು. ಹುಲ್ಲು, ಆಮೆ ಎರಡೂ ಇದ್ದವು, ಗಡುವನ್ನು ಮಾರ್ಚ್ ಕೊನೆಗೆ ಮುಂದೂಡಿದ್ದರು.

ಮಾರ್ಚ್ ಸಭೆಯಲ್ಲಿ ಸಂಘ ಸಹಿ ಹಾಕದಿರಲು ತೀರ್ಮಾನಿಸಿತು. ಒಮ್ಮತವೇನೂ ಇರಲಿಲ್ಲ. ಬಂದ ಹಣವನ್ನು ಬೇಡ ಎನ್ನುತ್ತಿದ್ದೇವೆ, ಮೇಷ್ಟ್ರಿಗೆ ಪಿಂಚಣಿ ಬರುತ್ತದೆ, ನಮಗೆ ಬರುವುದಿಲ್ಲ ಎಂದು ಒಬ್ಬ ಸದಸ್ಯ ನೇರವಾಗಿ ನನ್ನತ್ತ ನೋಡಿಯೇ ಹೇಳಿದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ನಾನು ಉತ್ತರ ಕೊಡಲಿಲ್ಲ.

ಮೇ ಮೊದಲ ವಾರ ಕೆರೆ ಬತ್ತಿತು. ಸಂಘ ಹೂಳೆತ್ತಲು ಪಾಳಿ ಹಚ್ಚಿತು, ಚೀಟಿ ಎತ್ತಿದರು. ಮೊದಲ ಚೀಟಿ ಆ ಸದಸ್ಯನದೇ ಬಂತು. ನಾನು ನೋಡಲು ಹೋದ ದಿನ ಅವನು ಟ್ರ್ಯಾಕ್ಟರಿನ ಮೇಲೆ ನಿಂತು, ಟ್ರೇಲರ್ ಇನ್ನೂ ತುಂಬಿಲ್ಲ, ಇನ್ನೆರಡು ಬುಟ್ಟಿ ಹಾಕಿ ಎಂದು ಕೂಗುತ್ತಿದ್ದ. ನನ್ನನ್ನು ಕಂಡು, ಹೂಳಿನಲ್ಲಿ ಒಂದು ಚಪ್ಪಲಿ ಸಿಕ್ಕಿದೆ, ನಿಮ್ಮದೇ ನೋಡಿ ಎಂದ.